ಲಕೋಟೆಯ ಒಳಮೈಯಿಂದ ಪೋಸ್ಟರ್‌ವರೆಗೆ: ಕೈಯಲ್ಲೇ ಹಾಕಿದ ಎರಡು ಇಂಕಿನ ಅಚ್ಚು

ಕೆಲಸ ಇಷ್ಟು: ಎ3 ಅಳತೆಯ ಪೋಸ್ಟರ್, ಎರಡು ಇಂಕ್, 60 ಪ್ರತಿ. ಎಲ್ಲವೂ ಸ್ಟುಡಿಯೋದ ಒಳಗೇ, ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ, ಕೈಯಲ್ಲೇ ಅಚ್ಚಾಗಬೇಕು. ಸ್ಕ್ರೀನ್ ಅಂದರೆ ಫ್ರೇಮಿಗೆ ಬಿಗಿದ ಜಾಲರಿ; ಅದರಲ್ಲಿ ಚಿತ್ರದ ಭಾಗ ಮಾತ್ರ ತೆರೆದಿಟ್ಟು, ಅಲ್ಲಿಂದ ಇಂಕನ್ನು ಕಾಗದಕ್ಕೆ ಇಳಿಸೋದು. ಸ್ಟುಡಿಯೋ ಅಂದರೆ ಮೂರು ಜನ ಕೂರುವ ಒಂದು ಕೋಣೆ, ಪಕ್ಕಕ್ಕೊಂದು ಬಚ್ಚಲು. ಸ್ಕ್ರೀನ್ ತೊಳೆಯೋದಕ್ಕೂ ಬಚ್ಚಲು, ಕತ್ತಲು ಬೇಕಾದಾಗಲೂ ಅದೇ ಬಚ್ಚಲು. ಪೋಸ್ಟರ್ ಯಾವ ಗಿರಾಕಿಗೂ ಅಲ್ಲ, ನಮಗೇ. ಗಿರಾಕಿ ಕೆಲಸದ ನಡುವೆ ಬಿಡುವು ಸಿಕ್ಕಾಗ ಮಾಡಿದ್ದು, ಹಾಗಾಗಿ ಎಳೆದಾಡಿತು. ಕೆಟ್ಟಿದ್ದನ್ನೂ ಇಲ್ಲಿ ಬರೆದಿದ್ದೇನೆ. ಇದೇ ಕೆಲಸಕ್ಕೆ ಕೈಹಾಕುವವರಿಗೆ ಉಪಯೋಗ ಆಗೋದು ಅದೇ.

ಹಂತ 1: ಪೆಟ್ಟಿಗೆಯಿಂದ ಎತ್ತಿಕೊಂಡಿದ್ದು

ಐಡಿಯಾ ಬೇಕಾದಾಗ ಫೋನ್‌ನಲ್ಲಿ ಚಿತ್ರ ಸರಿಸುತ್ತಾ ಕೂರೋದು ನಮಗೂ ಅಭ್ಯಾಸ. ತೊಂದರೆ ಏನೆಂದರೆ, ಎಲ್ಲರ ಫೋನ್‌ನಲ್ಲೂ ಬರೋದು ಅವೇ ಚಿತ್ರಗಳು. ಅದಕ್ಕೇ ಸ್ಟುಡಿಯೋದಲ್ಲಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟಿದ್ದೇವೆ. ಅದರೊಳಗೆ ಬೀಳುವ ವಸ್ತುವಿಗೆ ಎರಡೇ ಷರತ್ತು: ಕೈಯಲ್ಲಿ ಹಿಡಿಯುವಂತಿರಬೇಕು, ಚೆಂದ ಕಾಣಲಿ ಅಂತ ಯಾರೂ ಮಾಡಿದ್ದಾಗಿರಬಾರದು. ಹರಿದ ಟಿಕೆಟ್, ನಟ್ಟು ಬೋಲ್ಟಿನ ಪೊಟ್ಟಣ, ಒಣಗಿ ನರ ಮಾತ್ರ ಉಳಿದ ಎಲೆ, ಹೀಗೆ.

ಈ ಸಲ ಕೈಗೆ ಬಂದದ್ದು ಲಕೋಟೆಗಳು. ಹಣಕಾಸಿನ ಕಾಗದ ಹೊತ್ತು ಬರುವ ಲಕೋಟೆಯನ್ನು ಬಿಡಿಸಿ ಒಳಮೈ ನೋಡಿ. ಒಳಗಿನ ಅಂಕಿ ಹೊರಗಿನಿಂದ ಕಾಣದ ಹಾಗೆ ನೀಲಿ ಅಥವಾ ಬೂದು ಬಣ್ಣದಲ್ಲಿ ಒತ್ತೊತ್ತಾಗಿ ಗೆರೆ, ಬಲೆ, ಅಲೆ ಅಚ್ಚು ಹಾಕಿರುತ್ತಾರೆ. ಓದಲು ಬಿಡಬಾರದು ಅಂತಲೇ ಮಾಡಿದ ಚಿತ್ತಾರ ಅದು. ಅಕ್ಷರದ ಗಾತ್ರದ್ದೇ ಗೊಂದಲವನ್ನು ಅಕ್ಷರದ ಮೇಲೆ ಹರಡುವ ಉಪಾಯ. ಅದನ್ನೇ ದೊಡ್ಡದು ಮಾಡಿದರೆ ಪೋಸ್ಟರ್ ಆಗುತ್ತೆ ಅನ್ನಿಸಿತು.

ಲಕೋಟೆಯನ್ನು ಅಂಟು ಬಿಡಿಸಿ ಚಪ್ಪಟೆ ಮಾಡಿ ಸ್ಕ್ಯಾನ್ ಮಾಡಿದೆವು. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕೆ) ಮಾಡಿದ್ದು ಕೆಲಸಕ್ಕೆ ಬರಲಿಲ್ಲ. ಗೆರೆಗಳ ನಡುವಿನ ಅಂತರಕ್ಕೂ ಸ್ಕ್ಯಾನರ್‌ನ ಲೆಕ್ಕಕ್ಕೂ ತಾಳೆಯಾಗದೆ ಚಿತ್ರದ ತುಂಬ ಇಲ್ಲದ ಅಲೆಗಳು ಬಂದವು. 1200 ಡಿಪಿಐನಲ್ಲಿ ಗೆರೆ ಬಿಡಿಬಿಡಿಯಾಗಿ ಬಂತು. ಅದನ್ನು ಬರೀ ಕಪ್ಪು-ಬಿಳಿ ಮಾಡಿ, ವೆಕ್ಟರ್‌ಗೆ (ಎಷ್ಟು ದೊಡ್ಡದು ಮಾಡಿದರೂ ಅಂಚು ಕೆಡದ ಗೆರೆಚಿತ್ರ) ಬದಲಾಯಿಸಿ ಇಟ್ಟುಕೊಂಡೆವು.

ಹಂತ 2: ಮೊದಲು ಇಂಕ್, ಆಮೇಲೆ ಚಿತ್ರ

ಇಡೀ ಕೆಲಸದಲ್ಲಿ ನನ್ನ ಮಟ್ಟಿಗೆ ಇದೇ ಮುಖ್ಯ. ಮಾಮೂಲಿಯಾಗಿ ಡಿಸೈನರ್‌ಗಳು ಕಂಪ್ಯೂಟರಿನಲ್ಲಿ ಎರಡು ಬಣ್ಣ ಆರಿಸಿ, ಒಂದರ ಮೇಲೊಂದು ಇಟ್ಟು ‘ಮಲ್ಟಿಪ್ಲೈ’ ಒತ್ತಿ, ಮೂರನೇ ಬಣ್ಣ ಬಂತು ಅಂದುಕೊಳ್ಳುತ್ತಾರೆ. ಆಮೇಲೆ ಆ ಬಣ್ಣಕ್ಕೆ ಇಂಕ್ ಕಲಸಲು ಹೋಗಿ ಒದ್ದಾಡುತ್ತಾರೆ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತೆ. ಇಂಕ್ ಬೆಳಕನ್ನು ತಡೆದು ತೋರಿಸುತ್ತೆ. ಎರಡಕ್ಕೂ ತಾಳೆ ಇಲ್ಲ.

ನಾವು ಉಲ್ಟಾ ಹೋದೆವು. ಚಿತ್ರ ಬಿಡಿಸುವ ಮೊದಲೇ ಇಂಕ್ ಕಲಸಿದೆವು. ನೀರಿನಲ್ಲಿ ಕರಗುವ ಅಕ್ರಿಲಿಕ್ ಬಣ್ಣ, ಅದಕ್ಕೆ ಸ್ಕ್ರೀನ್ ಪ್ರಿಂಟಿಂಗ್ ಮೀಡಿಯಂ, ಅಂದರೆ ಬಣ್ಣವನ್ನು ಜಾಲರಿಗೆ ಒಗ್ಗಿಸುವ, ತನ್ನದೇ ಬಣ್ಣವಿಲ್ಲದ ಬೆರಕೆ. ಒಂದು ಭಾಗ ಬಣ್ಣಕ್ಕೆ ಒಂದು ಭಾಗ ಮೀಡಿಯಂ ಹಾಕಿದರೆ ಬಣ್ಣ ಗಾಢ. ಮೂರು ಭಾಗ ಹಾಕಿದರೆ ತೆಳು, ಅಡಿಯದು ಕಾಣುತ್ತೆ. ಹವಳದ ಕೆಂಪು ಒಂದು, ನವಿಲು ನೀಲಿ ಇನ್ನೊಂದು. ಎರಡಕ್ಕೂ ಐದೈದು ಹದ ಮಾಡಿಕೊಂಡೆವು. ಗ್ರಾಂ ತೋರಿಸುವ ಸಣ್ಣ ತಕ್ಕಡಿಯಲ್ಲಿ ತೂಗಿಯೇ ಮಾಡಬೇಕು. ಕಣ್ಣಂದಾಜಿನಲ್ಲಿ ಮಾಡಿದ ಬಣ್ಣವನ್ನು ಮತ್ತೊಮ್ಮೆ ಕಲಸೋಕೆ ಯಾರಿಗೂ ಆಗಲ್ಲ.

ಕೆಂಪಿನ ಐದು ಹದ ಉದ್ದಕ್ಕೆ ಎಳೆದು, ಒಣಗಿದ ಮೇಲೆ ನೀಲಿಯ ಐದು ಹದ ಅಡ್ಡಕ್ಕೆ ಎಳೆದರೆ 25 ಚೌಕ ಸಿಗುತ್ತೆ. ಇದನ್ನು ಪೋಸ್ಟರಿಗೆ ಬಳಸುವ ಕಾಗದದ ಮೇಲೇ ಮಾಡಬೇಕು.

ಮೊದಲು ಪಟ್ಟಿಗಳನ್ನು ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಎಳೆದೆವು. ನೋಡಲು ಸೊಗಸಾಗಿತ್ತು, ಆದರೆ ಲೆಕ್ಕ ತಪ್ಪು. ಕಾರ್ಡ್ ಬಿಡುವ ಇಂಕಿನ ಪದರ ದಪ್ಪ. ಸ್ಕ್ರೀನಿನ ಜಾಲರಿ ದಾಟಿ ಬರುವ ಪದರ ಅದಕ್ಕಿಂತ ತುಂಬ ತೆಳು. ಹಾಗಾಗಿ ಅದೇ ಇಂಕ್ ಅಚ್ಚಿನಲ್ಲಿ ಬಿಳಿಚಿಕೊಂಡು ಕಾಣಿಸಿತು. ಆ ಹಾಳೆ ಎಸೆದು, ಅಂಗೈ ಅಗಲದ ಸಣ್ಣ ಸ್ಕ್ರೀನ್ ಒಂದನ್ನು ಅದೇ ಜಾಲರಿಯಿಂದ ಕಟ್ಟಿ, ಅದರಲ್ಲಿ ಮತ್ತೆ 25 ಚೌಕ ತೆಗೆದೆವು.

ಆ ಹಾಳೆಯಲ್ಲಿ ಒಂದು ಚೌಕ ಮಾತ್ರ ಬೇರೆ ಥರ ಇತ್ತು. ಕೆಂಪಿಗೆ ಎರಡು ಭಾಗ ಮೀಡಿಯಂ, ನೀಲಿಗೆ ಮೂರು ಭಾಗ. ಎರಡೂ ಸೇರಿದ ಕಡೆ ನೇರಳೆ ಹೊಳಪಿರುವ ಕಡುಕಂದು ಬಂದಿತ್ತು. ಕಿಟಕಿಯ ಹತ್ತಿರ ಹಿಡಿದರೆ ನೇರಳೆ, ಟ್ಯೂಬ್‌ಲೈಟಿನ ಕೆಳಗೆ ಕಂದು. ಕಂಪ್ಯೂಟರಿನಲ್ಲಿ ಇದೇ ಜೋಡಿ ಸುಮ್ನೆ ಕಪ್ಪು ಕಪ್ಪಾಗಿ ಕಾಣುತ್ತಿತ್ತು. ಪರದೆ ನೋಡಿ ಆರಿಸಿದ್ದರೆ ಈ ಬಣ್ಣ ನಮ್ಮ ಲೆಕ್ಕಕ್ಕೇ ಬರುತ್ತಿರಲಿಲ್ಲ. ಪೋಸ್ಟರಿನ ಚಿತ್ರ ಹುಟ್ಟಿದ್ದೇ ಈ ಚೌಕದಿಂದ: ಎರಡು ಲಕೋಟೆ ಒಂದರ ಮೇಲೊಂದು, ಓರೆಯಾಗಿ. ಅವು ಕೂಡುವ ಜಾಗ ಪೂರ್ತಿ ಆ ಕಡುಕಂದು.

ಹಂತ 3: ಫ್ರೇಮ್, ಮೇಜು, ಸ್ಕ್ವೀಜಿ

ದುಡ್ಡು ಜಾಸ್ತಿ ಹೋಗಿದ್ದು ಇಲ್ಲಿ. ಉಳಿಸೋಣ ಅಂತ ಮೊದಲು ಮರದ ಪಟ್ಟಿ ಕೊಯ್ದು ನಾವೇ ಫ್ರೇಮ್ ಮಾಡಿ, ಜಾಲರಿ ಎಳೆದು ಸ್ಟೇಪಲ್ ಹೊಡೆದೆವು. ಒಣಗಿದ್ದಾಗ ಚೆನ್ನಾಗಿತ್ತು. ನೀರು ಬಿದ್ದು ತೊಳೆದ ಮೇಲೆ ಒಂದು ಮೂಲೆ ಎದ್ದು ನಿಂತಿತು. ಚಪ್ಪಟೆ ಮೇಜಿನ ಮೇಲಿಟ್ಟು ಎದುರಿನ ಮೂಲೆ ಒತ್ತಿದರೆ ಟಕ್ ಟಕ್ ಸದ್ದು. ಅಂಥ ಫ್ರೇಮಿನಲ್ಲಿ ಅಚ್ಚು ಹಾಕಿದರೆ ಒಂದು ಕಡೆ ಇಂಕ್ ಹೊಂಡ, ಇನ್ನೊಂದು ಕಡೆ ಖಾಲಿ. ಕೊನೆಗೆ ಜಾಲರಿ ಬಿಗಿದೇ ಬರುವ ಎರಡು ಅಲ್ಯೂಮಿನಿಯಂ ಫ್ರೇಮ್ ತರಿಸಿದೆವು. ಮರದ ಫ್ರೇಮ್ ಸಣ್ಣ ಕೆಲಸಕ್ಕೆ ಪರವಾಗಿಲ್ಲ. ಎರಡು ಬಣ್ಣ ಕೂಡಬೇಕಾದ ಕಡೆ ಬೇಡ.

ಜಾಲರಿ 90ಟಿ, ಅಂದರೆ ಸೆಂಟಿಮೀಟರಿಗೆ 90 ಎಳೆ. ಬಟ್ಟೆಗೆ ಸಾಮಾನ್ಯವಾಗಿ 43ಟಿ ಹಾಕುತ್ತಾರೆ. ಕಾಗದಕ್ಕೆ ಅದು ಇಂಕ್ ಜಾಸ್ತಿ ಬಿಡುತ್ತೆ. ಫ್ರೇಮಿನ ಒಳ ಅಳತೆಯಲ್ಲಿ ಚಿತ್ರದ ಎರಡೂ ಪಕ್ಕ 10 ಸೆಂ.ಮೀ., ಮೇಲೆ ಕೆಳಗೆ 15 ಸೆಂ.ಮೀ. ಜಾಗ ಬಿಟ್ಟೆವು. ಇಷ್ಟಿಲ್ಲದಿದ್ದರೆ ಅಂಚಿನಲ್ಲಿ ಜಾಲರಿ ಬಗ್ಗುವುದಿಲ್ಲ, ಇಂಕ್ ನಿಲ್ಲೋಕೂ ಜಾಗ ಇರಲ್ಲ.

ಮೇಜಿಗೆ 18 ಮಿ.ಮೀ. ಪ್ಲೈವುಡ್, ಮೇಲೆ ನುಣುಪು ಲ್ಯಾಮಿನೇಟ್. ಅದಕ್ಕೆ ಎರಡು ಹಿಂಜ್ ಕ್ಲ್ಯಾಂಪ್, ಫ್ರೇಮನ್ನು ಕಚ್ಚಿ ಹಿಡಿದು ಮುಚ್ಚಳದ ಹಾಗೆ ಎತ್ತಿ ಇಳಿಸಲು. ಕ್ಲ್ಯಾಂಪಿನ ಅಡಿ ಮತ್ತು ಫ್ರೇಮಿನ ಮುಂಭಾಗದ ಅಡಿ 3 ಮಿ.ಮೀ. ರಟ್ಟು ಅಂಟಿಸಿದೆವು. ಸ್ಕ್ರೀನ್ ಕಾಗದಕ್ಕೆ ಪೂರ್ತಿ ಕೂರಬಾರದು. ಸ್ಕ್ವೀಜಿ (ಇಂಕ್ ಎಳೆಯುವ, ರಬ್ಬರ್ ಅಂಚಿನ ಹಿಡಿ) ಒತ್ತಿದ ಗೆರೆಯಲ್ಲಷ್ಟೇ ತಾಗಿ, ಹಿಂದಿನಿಂದ ಎದ್ದು ಬರಬೇಕು. ಸ್ಕ್ವೀಜಿಯ ರಬ್ಬರ್ 70 ಶೋರ್ (ರಬ್ಬರಿನ ಗಡಸಿನ ಅಳತೆ), ಅಗಲ ಚಿತ್ರಕ್ಕಿಂತ ಎರಡೂ ಕಡೆ 2-3 ಸೆಂ.ಮೀ. ಜಾಸ್ತಿ.

ಹಂತ 4: ಗೆರೆ ಮತ್ತು ಅಕ್ಷರ

ಲಕೋಟೆಯ ಗೆರೆ ಇದ್ದ ಹಾಗೇ ಬಳಸಿದರೆ ಜಾಲರಿಯಲ್ಲಿ ಉಳಿಯಲ್ಲ. ಲೆಕ್ಕ ಸುಲಭ. 90ಟಿಯಲ್ಲಿ ಒಂದು ಎಳೆಯಿಂದ ಇನ್ನೊಂದಕ್ಕೆ 0.11 ಮಿ.ಮೀ. ಗೆರೆ ಅಷ್ಟೇ ಸಣ್ಣದಾದರೆ ಎಳೆಯ ಮೇಲೇ ಕೂತು ಮಾಯ. ಕಡಿಮೆ ಅಂದರೂ ಮೂರು ಎಳೆಯಷ್ಟು, 0.33 ಮಿ.ಮೀ. ಬೇಕು. ಚಿತ್ತಾರವನ್ನು ನಾಲ್ಕು ಪಟ್ಟು ದೊಡ್ಡದು ಮಾಡಿದೆವು. ಆದರೂ ಪರೀಕ್ಷೆಯ ಅಚ್ಚಿನಲ್ಲಿ ಗೆರೆಯ ಅಂಚು ಗರಗಸದ ಹಾಗೆ ಬಂತು. ಗೆರೆ ಜಾಲರಿಯ ಎಳೆಗೆ ಸಮಾನಾಂತರ ಇತ್ತು, ಅದಕ್ಕೆ. ಇಡೀ ಚಿತ್ತಾರವನ್ನು 22.5 ಡಿಗ್ರಿ ತಿರುಗಿಸಿದ ಮೇಲೆ ಸರಿಹೋಯಿತು. ಹೇಗೂ ಲಕೋಟೆಗಳು ಓರೆಯಾಗೇ ಇರಬೇಕಿತ್ತಲ್ಲ.

ಅಕ್ಷರದ್ದು ಬೇರೆ ಕಥೆ. ತಲೆಬರಹ ‘ಒಳಗೇನಿದೆ?’ ಅಂತ, ಅದು ದೊಡ್ಡದು, ತೊಂದರೆ ಇಲ್ಲ. ಕೆಳಗೆ ನಾಲ್ಕು ಸಾಲಿನ ಸಣ್ಣ ಬರಹ ಇತ್ತು. 9 ಪಾಯಿಂಟಿನಲ್ಲಿ ಇಟ್ಟಿದ್ದೆವು. ಇಂಗ್ಲಿಷ್ ಅಕ್ಷರ ಆ ಗಾತ್ರದಲ್ಲಿ ಹೇಗೋ ಓದಿಸಿಕೊಳ್ಳುತ್ತೆ. ಕನ್ನಡಕ್ಕೆ ಆಗಲಿಲ್ಲ. ‘ಧ’ದ ಹೊಟ್ಟೆ ಸೀಳಿದ ಗೆರೆ ಇಂಕಿನಲ್ಲಿ ಮುಚ್ಚಿ ‘ದ’ ಆಗಿಹೋಯಿತು. ‘ಷ್ಟ’ದ ಕೆಳಗಿನ ಒತ್ತು ಬರೀ ಒಂದು ಚುಕ್ಕೆ. ‘ಕ್ಷ’ದ ಒಳಗಿನ ಬಿಳಿ ಜಾಗ ತುಂಬಿಕೊಂಡಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಇಂಕ್ ಒಂದೊಂದು ಕೂಡುಮೂಲೆಯಲ್ಲೂ ಸ್ವಲ್ಪ ಸ್ವಲ್ಪ ಹರಡಿತ್ತು. ನಾವು ಮಾಡಿದ್ದು ಇಷ್ಟು: ಗಾತ್ರ 14 ಪಾಯಿಂಟ್, ಸಾಲಿನ ಅಂತರ ಗಾತ್ರದ 1.6 ಪಟ್ಟು. ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಸಾಲಿನ ಗುಡಿಸಿಗೆ ತಾಗುತ್ತೆ. ಫಾಂಟ್ ನೋಟೋ ಸಾನ್ಸ್ ಕನ್ನಡದ ಮಾಮೂಲಿ ತೂಕ. ಗೆರೆಯ ದಪ್ಪ ಹೆಚ್ಚುಕಡಿಮೆ ಒಂದೇ ಸಮ ಇರುವ ಫಾಂಟ್ ಜಾಲರಿಗೆ ಒಗ್ಗುತ್ತೆ.

ಇನ್ನೊಂದು. ಒಂದು ಕಂಪ್ಯೂಟರಿನಲ್ಲಿ ಫೈಲ್ ತೆರೆದಾಗ ಒತ್ತಕ್ಷರವೆಲ್ಲ ಬಿಚ್ಚಿಕೊಂಡು ಅರ್ಧಾಕ್ಷರಗಳಾಗಿ ಸಾಲಾಗಿ ನಿಂತಿದ್ದವು. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆರಿಸದಿದ್ದರೆ ಹೀಗಾಗಬಹುದು. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಈ ರಗಳೆ ಇಲ್ಲ, ಅಕ್ಷರ ತಾನಾಗೇ ಕೂಡಿಕೊಳ್ಳುತ್ತೆ. ಏನೇ ಇರಲಿ, ಫಿಲ್ಮ್ (ಚಿತ್ರ ಅಚ್ಚಾದ ಪಾರದರ್ಶಕ ಹಾಳೆ) ತೆಗೆಯುವ ಮೊದಲು ಅಕ್ಷರವನ್ನು ಔಟ್‌ಲೈನ್ ಮಾಡಿ (ಫಾಂಟ್ ಬೇಡದ ಚಿತ್ರವಾಗಿಸಿ), ಒಮ್ಮೆ ಜೋರಾಗಿ ಓದಿಸಿ. ಓದುವವರು ಟೈಪ್ ಮಾಡಿದವರೇ ಆಗಿರಬಾರದು.

ಬರಹ ಪೂರ್ತಿ ನೀಲಿ ಇಂಕಿನಲ್ಲೇ ಇಟ್ಟೆವು. ಕಡುಕಂದಿನಲ್ಲಿ ಚೆನ್ನಾಗಿ ಕಾಣುತ್ತಿತ್ತು ನಿಜ. ಆದರೆ ಸಣ್ಣ ಅಕ್ಷರವನ್ನು ಎರಡು ಇಂಕಿನಲ್ಲಿ ಒಂದರ ಮೇಲೊಂದು ಕೂರಿಸುವುದು ಕೈ ಅಚ್ಚಿನಲ್ಲಿ ಆಗದ ಮಾತು.

ಹಂತ 5: ಫಿಲ್ಮ್

ಪ್ರತಿ ಬಣ್ಣಕ್ಕೂ ಒಂದೊಂದು ಫಿಲ್ಮ್. ಎರಡೂ ಬರೀ ಕಪ್ಪಿನಲ್ಲಿ ಪ್ರಿಂಟ್ ಆಗಬೇಕು. ಲೇಸರ್ ಪ್ರಿಂಟರಿನಲ್ಲಿ ತೆಗೆದಿದ್ದು ಎರಡು ರೀತಿಯಲ್ಲಿ ಕೈಕೊಟ್ಟಿತು. ದೀಪಕ್ಕೆ ಹಿಡಿದರೆ ಕಪ್ಪಿನ ತುಂಬ ಸೂಜಿತೂತು. ಅದಕ್ಕಿಂತ ಕೆಟ್ಟದ್ದು, ಎರಡು ಫಿಲ್ಮ್ ಒಂದರ ಮೇಲೊಂದು ಇಟ್ಟರೆ ಉದ್ದದಲ್ಲಿ ಸುಮಾರು 1 ಮಿ.ಮೀ. ವ್ಯತ್ಯಾಸ. ಪ್ರಿಂಟರಿನ ಬಿಸಿಗೆ ಪ್ಲಾಸ್ಟಿಕ್ಕಿನ ಅಳತೆ ಬದಲಾಗಿತ್ತು. ಇಂಕ್‌ಜೆಟ್ ಫಿಲ್ಮಿಗೆ ಬದಲಾಯಿಸಿ, ಕಪ್ಪು ಸಾಲದ ಕಡೆ ಒಂದೇ ಥರದ ಎರಡು ಫಿಲ್ಮ್ ಸೇರಿಸಿ ಅಂಟಿಸಿದೆವು. ರಿಜಿಸ್ಟ್ರೇಷನ್ ಗುರುತು (ಎರಡೂ ಬಣ್ಣ ಜಾಗಕ್ಕೆ ಸರಿಯಾಗಿ ಕೂರಿಸಲು) ನಾಲ್ಕೂ ಬದಿಯ ನಡುವೆ.

ಹಂತ 6: ಎಮಲ್ಷನ್ ಮತ್ತು ಬೆಳಕು

ಡಯಾಜೋ ಎಮಲ್ಷನ್, ಅಂದರೆ ಜಾಲರಿಗೆ ಬಳಿಯುವ ಲೇಪ. ಬೆಳಕು ಬಿದ್ದ ಕಡೆ ಅದು ಗಟ್ಟಿಯಾಗುತ್ತೆ; ಫಿಲ್ಮಿನ ಕಪ್ಪು ಬೆಳಕು ತಡೆದ ಕಡೆ ನೀರಲ್ಲಿ ತೊಳೆದುಹೋಗಿ ಜಾಲರಿ ತೆರೆಯುತ್ತೆ. ಪುಡಿಯನ್ನು ನೀರಲ್ಲಿ ಕದಡಿ ಡಬ್ಬಿಗೆ ಸೇರಿಸಿ, ಗುಳ್ಳೆ ಹೋಗುವವರೆಗೆ ಕೆಲವು ಗಂಟೆ ಸುಮ್ನೆ ಬಿಡಬೇಕು. ಬಚ್ಚಲಿಗೆ ಹಳದಿ ಬಲ್ಬು ಹಾಕಿದೆವು. ಜಾಲರಿಯನ್ನು ಜಿಡ್ಡು ತೆಗೆಯುವ ದ್ರವದಿಂದ ತೊಳೆದು, ಒಣಗಿಸಿ, ಕೋಟರ್‌ನಿಂದ (ಲೇಪ ಹಚ್ಚುವ ಉದ್ದನೆಯ ತೊಟ್ಟಿ) ಮೊದಲು ಕಾಗದದ ಕಡೆ ಒಂದು ಪದರ, ಆಮೇಲೆ ಸ್ಕ್ವೀಜಿ ಕಡೆ ಒಂದು ಪದರ. ಒಣಗಿಸುವಾಗ ಕಾಗದದ ಕಡೆ ಕೆಳಗೆ ಮಾಡಿ ಮಲಗಿಸಬೇಕು.

ದೀಪ 50 ವ್ಯಾಟಿನ ಯುವಿ ಎಲ್‌ಇಡಿ, 395 ನ್ಯಾನೋಮೀಟರ್. ದೀಪದ ಎತ್ತರ ಚಿತ್ರದ ಕರ್ಣದಷ್ಟು ಇರಲಿ ಅನ್ನೋದು ರೂಢಿ. ಎ3ಗೆ ಕರ್ಣ 51 ಸೆಂ.ಮೀ. ಜೋಡಿಸುವ ಕ್ರಮ ಕೆಳಗಿನಿಂದ ಮೇಲಕ್ಕೆ: ಸ್ಪಂಜಿನ ಹಾಳೆ, ಕಪ್ಪು ಬಟ್ಟೆ, ಅದರ ಮೇಲೆ ಕಾಗದದ ಕಡೆ ಮೇಲಾಗಿ ಸ್ಕ್ರೀನ್, ಫಿಲ್ಮ್, ಗಾಜು. ಫಿಲ್ಮಿನ ಇಂಕ್ ಮೈ ಎಮಲ್ಷನ್‌ಗೆ ತಾಗಿರಬೇಕು. ಮೇಲಿನಿಂದ ನೋಡಿದರೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಕಾಣಬೇಕು. ನೆಟ್ಟಗೆ ಕಂಡರೆ ಅಲ್ಲೇ ನಿಲ್ಲಿಸಿ.

ಗಾಜು ಒಡೆದೀತು ಅಂತ ಮೊದಲು ಅಕ್ರಿಲಿಕ್ ಹಾಳೆ ಇಟ್ಟಿದ್ದೆವು. ಎಷ್ಟು ಹೊತ್ತು ಬೆಳಕು ಕೊಟ್ಟರೂ ಎಮಲ್ಷನ್ ಗಟ್ಟಿಯಾಗದೆ ತೊಳೆದಾಗ ಪೂರ್ತಿ ಹರಿದುಹೋಯಿತು. ನಾವು ದೀಪವನ್ನು ಬೈದೆವು, ಎಮಲ್ಷನ್‌ನ ಬೈದೆವು. ಕಡೆಗೆ ಗೊತ್ತಾಯಿತು, ಆ ಹಾಳೆ ಯುವಿ ತಡೆಯಲೆಂದೇ ಮಾಡಿದ್ದು. 5 ಮಿ.ಮೀ. ಸಾದಾ ಗಾಜು ಇಟ್ಟ ಮೇಲೆ ತೊಂದರೆ ಬರಲಿಲ್ಲ.

ಸಮಯ ಹುಡುಕಲು ರಟ್ಟು ಮುಚ್ಚಿ ನಿಮಿಷಕ್ಕೊಮ್ಮೆ ಸರಿಸುತ್ತಾ 1ರಿಂದ 8 ನಿಮಿಷದವರೆಗೆ ಪಟ್ಟಿ ಮಾಡಿದೆವು. 3ಕ್ಕಿಂತ ಕಡಿಮೆ ಇದ್ದವು ಲೋಳೆಯಾಗಿ ಜಾರಿದವು. 8ರಲ್ಲಿ ಸಣ್ಣ ಗೆರೆ ತೆರೆಯಲೇ ಇಲ್ಲ. 6 ನಮಗೆ ಹೊಂದಿತು. ನಿಮ್ಮ ದೀಪಕ್ಕೆ, ನಿಮ್ಮ ಎಮಲ್ಷನ್‌ಗೆ ಈ ಅಂಕಿ ಹೊಂದಲ್ಲ, ಪಟ್ಟಿ ಮಾಡಲೇಬೇಕು. ಎರಡನೇ ಸ್ಕ್ರೀನ್‌ಗೂ ಅದೇ 6 ನಿಮಿಷ ಕೊಟ್ಟೆವು, ಆದರೂ ಅಕ್ಷರದ ಸುತ್ತ ಎಮಲ್ಷನ್ ಎದ್ದು ಬಂತು. ಮುಟ್ಟಿದರೆ ಒಣಗಿದ ಹಾಗಿತ್ತು, ಒಳಗೆ ಹಸಿ ಇತ್ತು. ಬಚ್ಚಲಿನ ತೇವ, ಇನ್ನೇನು. ಅಲ್ಲಿಂದ ಮುಂದೆ ಲೇಪನ ಮಾಡಿದ ಸ್ಕ್ರೀನ್‌ಗೆ ಕಪ್ಪು ಬಟ್ಟೆಯ ಗೂಡು ಕಟ್ಟಿ, ಒಳಗೆ ಸಣ್ಣ ಫ್ಯಾನ್ ಇಟ್ಟು, ರಾತ್ರಿಯಿಡೀ ಬಿಡುತ್ತೇವೆ.

ಹಂತ 7: ಅಚ್ಚು

ಕಾಗದ 250 ಜಿಎಸ್‌ಎಂ, ಹೊಳಪಿಲ್ಲದ್ದು. ಅಚ್ಚಿಗೆ ಮೊದಲು ಅದೇ ಕೋಣೆಯಲ್ಲಿ ಒಂದು ದಿನ ಬಿಚ್ಚಿಟ್ಟೆವು, ಗಾಳಿಯ ತೇವಕ್ಕೆ ಹೊಂದಿಕೊಳ್ಳಲಿ ಅಂತ. 60 ಒಳ್ಳೆಯ ಪ್ರತಿ ಬೇಕಾದರೆ 85 ಹಾಳೆ ತೆಗೆದಿಡಿ.

ಕೆಂಪು ಮೊದಲು, ಏಕೆಂದರೆ ಎರಡರಲ್ಲಿ ತಿಳಿ ಬಣ್ಣ ಅದೇ. ಸ್ಕ್ರೀನ್ ಎತ್ತಿಹಿಡಿದು ಒತ್ತಡ ಕೊಡದೆ ಇಂಕ್ ಹರಡಬೇಕು, ಇಳಿಸಿ ಸ್ಕ್ವೀಜಿಯನ್ನು ಸುಮಾರು 70 ಡಿಗ್ರಿ ಓರೆಯಲ್ಲಿ ಒಂದೇ ಬೀಸಿನಲ್ಲಿ ಎಳೆಯಬೇಕು, ಎತ್ತಿ ತಕ್ಷಣ ಮತ್ತೆ ಹರಡಬೇಕು. ಈ ಮೂರನೆಯದನ್ನು ಮರೆತರೆ ಮುಂದಿನ ಹಾಳೆಗೆ ಬರುವ ಹೊತ್ತಿಗೆ ಸಣ್ಣ ಗೆರೆಗಳಲ್ಲಿ ಇಂಕ್ ಒಣಗಿ ಕೂತಿರುತ್ತೆ. ನಮಗೆ ಹತ್ತು ಹಾಳೆ ದಾಟುವ ಮೊದಲೇ ಗೆರೆಗಳು ಅಲ್ಲಲ್ಲಿ ತುಂಡಾದವು. ಕಾರಣ ತಲೆಯ ಮೇಲೇ ತಿರುಗುತ್ತಿದ್ದ ಫ್ಯಾನ್. ಆಫ್ ಮಾಡಿ, ಇಂಕಿಗೆ ಶೇಕಡಾ 5 ರಿಟಾರ್ಡರ್ (ಒಣಗೋದನ್ನು ತಡ ಮಾಡುವ ದ್ರವ) ಸೇರಿಸಿ, ಜಾಲರಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ರದ್ದಿ ಹಾಳೆಯ ಮೇಲೆ ಗೆರೆ ತೆರೆಯುವವರೆಗೆ ಎಳೆದೆವು. ಬೆವರು ಸುರಿಯಿತು, ಗೆರೆ ಉಳಿಯಿತು.

ಎರಡನೇ ಬಣ್ಣ ಕೂರಿಸಲು ಮೇಜಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಂದೇ ಬದಿಗೆ ಟೇಪ್ ಹಾಕಿ ಅಂಟಿಸಿ, ಅದರ ಮೇಲೆ ನೀಲಿಯ ಅಚ್ಚು ತೆಗೆದೆವು. ಅದರ ಅಡಿಗೆ ಕೆಂಪು ಅಚ್ಚಾದ ಪೋಸ್ಟರ್ ತೂರಿಸಿ, ಗುರುತಿಗೆ ಗುರುತು ಸೇರುವವರೆಗೆ ಸರಿಸಬೇಕು. ಸೇರಿದ ಕೂಡಲೇ ಕಾಗದದ ಉದ್ದ ಬದಿಗೆ ಎರಡು, ಗಿಡ್ಡ ಬದಿಗೆ ಒಂದು ರಟ್ಟಿನ ತುಂಡು ಅಂಟಿಸಿ, ಪ್ಲಾಸ್ಟಿಕ್ ತೆಗೆದುಬಿಡುವುದು. ಆಮೇಲೆ ಪ್ರತಿ ಹಾಳೆಯೂ ಆ ಮೂರಕ್ಕೆ ತಾಗಿ ಕೂತರೆ ಸಾಕು.

ಸಾಕು ಅಂದುಕೊಂಡಿದ್ದೆವು. ಅರ್ಧದಷ್ಟು ಹಾಳೆಗಳು ಸರಿಯಾಗಿ ಕೂತವು, ಉಳಿದವುಗಳಲ್ಲಿ ನೀಲಿ ಬದಿಗೆ ಸರಿದಿತ್ತು. ರಟ್ಟಿನ ತಡೆ ಜರುಗಿರಲಿಲ್ಲ, ಸ್ಕ್ರೀನ್ ಅಲ್ಲಾಡಿರಲಿಲ್ಲ. ಸರಿದ ಹಾಳೆಗಳನ್ನೆಲ್ಲ ಒಂದು ಕಡೆ ಇಟ್ಟು ಬಗ್ಗಿಸಿ ನೋಡಿದಾಗ ಹೊಳೆಯಿತು. ಇವು ಉದ್ದಕ್ಕೆ ಸಲೀಸಾಗಿ ಬಗ್ಗುತ್ತವೆ, ಸರಿಯಾಗಿ ಕೂತವು ಅಡ್ಡಕ್ಕೆ. ದೊಡ್ಡ ಹಾಳೆಯಿಂದ ಎ3 ಕತ್ತರಿಸುವಾಗ ತುಂಡು ವ್ಯರ್ಥ ಆಗದಿರಲಿ ಅಂತ ಕೆಲವನ್ನು ಉದ್ದಕ್ಕೆ, ಕೆಲವನ್ನು ಅಡ್ಡಕ್ಕೆ ಕತ್ತರಿಸಿದ್ದೆವು. ಕಾಗದದ ನಾರು ಒಂದೇ ದಿಕ್ಕಿಗೆ ಮಲಗಿರುತ್ತೆ. ನೀರು ಕುಡಿದಾಗ ಕಾಗದ ಹಿಗ್ಗೋದು ನಾರಿನ ಅಡ್ಡಕ್ಕೆ ಜಾಸ್ತಿ, ಉದ್ದಕ್ಕೆ ಕಡಿಮೆ. ಕೆಂಪು ಇಂಕಿನ ನೀರಿಗೆ ಎರಡು ಗುಂಪೂ ಬೇರೆ ಬೇರೆ ದಿಕ್ಕಿಗೆ ಹಿಗ್ಗಿದ್ದವು. ಗುಂಪು ಬೇರೆ ಮಾಡಿ, ಎರಡನೇ ಗುಂಪಿಗೆ ರಟ್ಟಿನ ತಡೆಗಳನ್ನು ಹೊಸದಾಗಿ ಕೂರಿಸಿ ಮುಗಿಸಿದೆವು. ಉಳಿಸಿದ ಕಾಗದಕ್ಕಿಂತ ಹಾಳಾದದ್ದೇ ಜಾಸ್ತಿ. ಈಗ ಕತ್ತರಿಸುವ ಮೊದಲೇ ಪ್ರತಿ ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ನಾರಿನ ದಿಕ್ಕಿಗೆ ಬಾಣ ಹಾಕುತ್ತೇವೆ.

ಒಣಗಲು ದಾರಕ್ಕೆ ಕ್ಲಿಪ್ ಹಾಕಿ ನೇತುಹಾಕಿದೆವು. ಅರ್ಧ ಗಂಟೆಯಲ್ಲಿ ಕೈಗೆ ಹತ್ತುವುದಿಲ್ಲ. ಆದರೆ ತಕ್ಷಣ ಒಟ್ಟಿ ಇಡಬೇಡಿ. ಮಾರನೇ ದಿನ ಭಾರ ಇಟ್ಟರೆ ಸುಕ್ಕೂ ಹೋಗುತ್ತೆ.

ಹಂತ 8: ತೊಳೆಯುವುದು

ಇಂಕ್ ಹಸಿ ಇದ್ದಾಗಲೇ ತಣ್ಣೀರಲ್ಲಿ ತೊಳೆದುಬಿಡಬೇಕು. ಅಕ್ರಿಲಿಕ್ ಒಮ್ಮೆ ಒಣಗಿದರೆ ಜಾಲರಿ ಅಲ್ಲಿಗೆ ಮುಗಿಯಿತು. ಎಮಲ್ಷನ್ ತೆಗೆಯುವ ದ್ರವವನ್ನು ಎರಡೂ ಕಡೆ ಹಚ್ಚಿ, ಬ್ರಷ್‌ನಲ್ಲಿ ಉಜ್ಜಿ, ಜೋರು ನೀರು ಬಿಡಬೇಕು. ಆ ದ್ರವ ಜಾಲರಿಯ ಮೇಲೇ ಒಣಗಲು ಬಿಡಬೇಡಿ. ಒಣಗಿದರೆ ಎಮಲ್ಷನ್ ಮತ್ತೆಂದೂ ಬಿಡದ ಹಾಗೆ ಗಟ್ಟಿಯಾಗುತ್ತೆ. ಕೈಗವಸು, ಕನ್ನಡಕ ಎರಡೂ ಬೇಕು. ಬೇಗ ಆಗಲಿ ಅಂತ ಬ್ಲೀಚ್ ಬೆರೆಸೋದಂತೂ ಬೇಡವೇ ಬೇಡ.

ಇನ್ನೂ ಬಗೆಹರಿಯದ್ದು

ಕಡುಕಂದು ಬರುವ ದೊಡ್ಡ ಜಾಗದಲ್ಲಿ ಕಾಗದ ಸ್ಕ್ರೀನಿಗೇ ಅಂಟಿಕೊಂಡು ಎದ್ದು ಬರುತ್ತೆ. ಬಿಡಿಸುವಾಗ ಇಂಕಿನ ಮೇಲೆ ಮಚ್ಚೆ. ಸದ್ಯಕ್ಕೆ ಜಿಗುಟು ಕಡಿಮೆ ಮಾಡಿದ ಡಬಲ್ ಟೇಪ್ ಅಂಚಿನಲ್ಲಿ ಅಂಟಿಸಿ ಹಿಡಿದಿಟ್ಟಿದ್ದೆವು. ಹಾಳೆ ಬದಲಾಯಿಸುವುದು ನಿಧಾನ ಆಯಿತು. ಗಾಳಿ ಹೀರುವ ಮೇಜು ಮಾಡೋಣ ಅಂತ ಪ್ಲೈವುಡ್ಡಿಗೆ 25 ಮಿ.ಮೀ.ಗೊಂದರಂತೆ 3 ಮಿ.ಮೀ. ತೂತು ಕೊರೆದು, ಅಡಿಯಲ್ಲಿ ಪೆಟ್ಟಿಗೆ ಕಟ್ಟಿ, ವ್ಯಾಕ್ಯೂಮ್ ಕ್ಲೀನರ್ ಜೋಡಿಸಿದೆವು. ಕಾಗದ ಕಚ್ಚಿ ಹಿಡಿಯಿತು, ಆದರೆ ತೂತಿದ್ದ ಕಡೆಯೆಲ್ಲ ಕಾಗದ ಕುಳಿ ಬಿದ್ದು ಅಚ್ಚಿನಲ್ಲಿ ಸಾಲು ಸಾಲು ಚುಕ್ಕೆ ಮೂಡಿತು. ಈಗ ಆ ಹಲಗೆ ಬದಿಗಿಟ್ಟು, ಹೊಸದಕ್ಕೆ 1.5 ಮಿ.ಮೀ. ತೂತು ಕೊರೆಯುತ್ತಿದ್ದೇವೆ. ಎ3 ಅಗಲಕ್ಕೆ ಇನ್ನೂರರ ಹತ್ತಿರ ತೂತು ಬೇಕು. ಡ್ರಿಲ್ ಬಿಟ್ ಸಣ್ಣದು, ಪ್ಲೈವುಡ್ಡಿನಲ್ಲಿ ಸಿಕ್ಕಿಕೊಂಡು ಮುರಿಯುತ್ತಲೇ ಇದೆ. ತೆಳು ಅಲ್ಯೂಮಿನಿಯಂ ತಗಡು ಮೇಲೆ ಕೂರಿಸಿ ಅದಕ್ಕಷ್ಟೇ ಸಣ್ಣ ತೂತು, ಅಡಿಯ ಪ್ಲೈವುಡ್ಡಿಗೆ ದೊಡ್ಡ ತೂತು ಕೊರೆದರೆ ಹೇಗೆ ಅಂತ ಮುಂದಿನ ಯೋಚನೆ.